ಮೆಸೇಜಿನ ತಲೆ ಮೊದಲು ನೋಡ್ತೀನಿ

ಒಂದು ಸಂಜೆ ಅಮ್ಮನ ಫೋನಿಗೆ ಇಂಗ್ಲಿಷಲ್ಲಿ ಮೆಸೇಜ್ ಬಂತು. ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡ್ತೀವಿ, ಕೂಡಲೇ ಆಫೀಸರ್‌ಗೆ ಫೋನ್ ಮಾಡಿ ಅಂತ. ಅಮ್ಮ ಗಾಬರಿಯಾಗಿ ಫೋನನ್ನ ನನ್ನ ಕೈಗಿಟ್ಟಳು. ಬುದ್ಧಿವಂತ ಮಗ ನಾನು, ಆ ನಂಬರಿಗೆ ಫೋನ್ ಮಾಡಿದೆ.

ಅವನು ತುಂಬ ಮರ್ಯಾದೆಯಿಂದ ಮಾತಾಡಿದ. "ನೀವು ದುಡ್ಡು ಕಟ್ಟಿದ್ದೀರಿ ಸರ್, ಸಿಸ್ಟಮ್‌ನಲ್ಲಿ ಬಂದಿಲ್ಲ ಅಷ್ಟೇ. ಒಂದು ಆ್ಯಪ್ ಹಾಕ್ಕೊಂಡು 10 ರೂಪಾಯಿ ಕಟ್ಟಿ, ಸರಿಹೋಗುತ್ತೆ." ಆ್ಯಪ್ ಇಳೀತಾ ಇರುವಾಗ ಅದರ ಹೆಸರು ಕಣ್ಣಿಗೆ ಬಿತ್ತು. ನಮ್ಮ ಆಫೀಸಿನ ಕಂಪ್ಯೂಟರ್ ಹುಡುಗ ಇನ್ನೆಲ್ಲೋ ಕೂತು ನನ್ನ ಸ್ಕ್ರೀನ್ ನೋಡೋಕೆ ಬಳಸುವ ಆ್ಯಪ್ ಅದು! ಕರೆಂಟ್ ಬಿಲ್ಲಿಗೂ ಇದಕ್ಕೂ ಏನು ಸಂಬಂಧ? ಅವನಿಗೆ ಬೇಕಿದ್ದದ್ದು ಆ 10 ರೂಪಾಯಿ ಅಲ್ಲ. ಅದನ್ನ ಕಟ್ಟುವಾಗ ನಾನು ಒತ್ತುವ ಕಾರ್ಡ್ ನಂಬರು, ಓಟಿಪಿ. ಫೋನ್ ಇಟ್ಟೆ. ಆ್ಯಪ್ ಕಿತ್ತು ಹಾಕಿ ಕರೆಂಟ್ ಸಹಾಯವಾಣಿ 1912ಕ್ಕೆ ಕೇಳಿದೆ. ಬಾಕಿ ಏನೂ ಇರಲಿಲ್ಲ.

ಅವತ್ತಿಂದ ಮೆಸೇಜ್ ಓದುವ ಮುಂಚೆ ಅದರ ತಲೆ ನೋಡ್ತೀನಿ, ಅಂದರೆ ಕಳಿಸಿದವರ ಹೆಸರು. ಬ್ಯಾಂಕು, ಕರೆಂಟ್ ಆಫೀಸು ಕಳಿಸುವ ಎಸ್ಸೆಮ್ಮೆಸ್ಸು ಹತ್ತು ಅಂಕಿಯ ಮೊಬೈಲ್ ನಂಬರಿಂದ ಬರೋದಿಲ್ಲ. ಅಕ್ಷರದ ಹೆಸರಿಂದ ಬರುತ್ತೆ. 2025ರಿಂದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಆ ಹೆಸರಿನ ಕೊನೆಗೆ ಒಂದು ಗುರುತೂ ಇರುತ್ತೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರದ್ದಕ್ಕೆ ಜಿ. ನಮ್ಮ ಮನೆಗೆ ಬಂದಿದ್ದು ಬರೀ ಹತ್ತು ಅಂಕಿ. ಒಂದು ಸಲ ಕಣ್ಣೆತ್ತಿದ್ದರೆ ಸಾಕಿತ್ತು.

ತಲೆ ಸರಿಯಿದ್ದರೂ ಲಿಂಕ್ ಮಾತ್ರ ಒತ್ತಲ್ಲ. ಆಮೇಲೊಮ್ಮೆ, ಪಾರ್ಸೆಲ್ ಬಂದಿದೆ, ವಿಳಾಸ ಅರ್ಧ ಇದೆ, ಸರಿಮಾಡಿ ಅಂತ ಅಂಚೆ ಇಲಾಖೆ ಹೆಸರಲ್ಲಿ ಲಿಂಕ್ ಬಂತು. ಶುರುವಿನಲ್ಲಿ 'ಇಂಡಿಯಾಪೋಸ್ಟ್' ಅಂತಲೇ ಇತ್ತು. ಆದರೆ ಲಿಂಕನ್ನ ಮೊದಲ ಒಂಟಿ ಓರೆಗೆರೆಯಿಂದ (/) ಹಿಂದಕ್ಕೆ ಓದಬೇಕು. ಹಾಗೆ ಓದಿದರೆ ಮೊದಲು ಸಿಕ್ಕಿದ್ದು 'ಡಾಟ್ ಟಾಪ್'. ಅಂಚೆ ಇಲಾಖೆಯದ್ದು 'ಡಾಟ್ ಗವ್ ಡಾಟ್ ಇನ್' ಇರುತ್ತೆ ಅಲ್ವಾ? ಇನ್ನು ಟ್ರಾಫಿಕ್ ದಂಡದ ಹೆಸರಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಅದನ್ನ ತೆರೆದೂ ನೋಡಲ್ಲ.

ಇಂಥವನ್ನ ಸುಮ್ನೆ ಡಿಲೀಟ್ ಮಾಡದೆ ಟೆಲಿಕಾಂ ಇಲಾಖೆಯ ಜಾಲತಾಣ 'ಸಂಚಾರ್ ಸಾಥಿ'ಯ ಚಕ್ಷು ವಿಭಾಗದಲ್ಲಿ ದೂರು ಹಾಕ್ತೀನಿ. ದುಡ್ಡು ಹೋಗಿಬಿಟ್ಟಿದ್ದರೆ ಮಾತ್ರ ಕಾಯೋ ಹಾಗಿಲ್ಲ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್.

ಅಮ್ಮನಿಗೂ ತಲೆ ನೋಡೋದು ಕಲಿಸಿದೆ. ಈಗ ನನಗಿಂತ ಜೋರು. ಹೋದ ವಾರ ಗ್ಯಾಸ್ ಹುಡುಗ "ಮನೇಲಿದೀರಾ?" ಅಂತ ತನ್ನ ನಂಬರಿಂದ ಮೆಸೇಜ್ ಹಾಕಿದ. "ಹತ್ತು ಅಂಕಿ ಕಣೋ, ಬ್ಲಾಕ್ ಮಾಡಿದೆ" ಅಂದಳು. ಸಿಲಿಂಡರ್ ವಾಪಸ್ ಹೋಯಿತು.