ಕೂಗಿದವರೆಲ್ಲ ಕೊಳ್ಳುವವರಲ್ಲ: ನನ್ನ ಅನುಭವ

ದೊಡ್ಡಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟ್ರಾಗಿದ್ದರು, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತರು. ಆಫೀಸಿನ ಹಳೇ ಫೈಲು ಖಾಲಿ ಮಾಡುವಾಗ ಕವರುಗಳನ್ನು ಒಲೆಗೆ ಹಾಕಲು ಬಿಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಎರಡು ಟ್ರಂಕು ಕುಶಾಲನಗರದ ನಮ್ಮ ಮನೆಗೆ ಬಂದವು. ಒಳಗೆ 1930-40ರ ದಶಕದ ಕವರುಗಳು, ಒಂದಷ್ಟು ಬೆಳ್ಳಿ ರೂಪಾಯಿ, ನಾಲ್ಕು ಆಲ್ಬಂ ತುಂಬ ಅಂಚೆಚೀಟಿ. ಕೆಲವು ಕವರುಗಳ ಮೇಲೆ ‘ಫ್ರೇಜರ್‌ಪೇಟ್’ ಎಂಬ ಠಸ್ಸೆ ಇತ್ತು. ನಮ್ಮ ಊರಿನ ಹಳೇ ಹೆಸರು ಅದು. ಇನ್ನು ಕೆಲವುಗಳ ಮೇಲೆ ‘ಮರ್ಕಾರಾ’, ಅಂದರೆ ಮಡಿಕೇರಿ. ದೊಡ್ಡಮ್ಮನೇ ಹೇಳಿದರು: “ಗೆದ್ದಲು ತಿನ್ನೋದಕ್ಕಿಂತ, ಬೆಲೆ ಗೊತ್ತಿದ್ದವರ ಕೈಗೆ ಹೋಗಲಿ.”

ಸಂಗ್ರಾಹಕರ ವಾಟ್ಸಾಪ್ ಗುಂಪುಗಳಲ್ಲಿ ಹರಾಜು ಹಾಕಲು ಶುರು ಮಾಡಿದೆ. ಫೋಟೋ ಹಾಕುವುದು, ಆರಂಭದ ಬೆಲೆ ಬರೆಯುವುದು, ರಾತ್ರಿ 9ಕ್ಕೆ ಮುಗಿಸುವುದು. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ, ಅಂದರೆ ಬೆಲೆ ಕೂಗಿದರೆ, ಹರಾಜು ಮತ್ತೈದು ನಿಮಿಷ ಬೆಳೆಯುತ್ತದೆ. ಇಷ್ಟನ್ನು ಕಲಿಯಲು ಒಂದು ವಾರ ಸಾಕಾಯಿತು. ಕೂಗಿ ಗೆದ್ದು, ಹಣ ಹಾಕದೆ ಮಾಯವಾಗುವವರನ್ನು ನಿಭಾಯಿಸುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ನಮ್ಮ ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಕವರಿನ ವಿಷಯದಲ್ಲಿ. ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿ ಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅದು ಅಂಟಿಸಿದ ಒಂದು ಕವರನ್ನು ಯಾರೋ ಸೈನ್ಯದವರು ದೊಡ್ಡಪ್ಪನಿಗೆ ಕೊಟ್ಟಿದ್ದರು. ಕೊಡಗಿನಲ್ಲಿ ಅದಕ್ಕೆ ಎಂಥ ಬೆಲೆ ಅಂತ ನಾನು ಹೇಳಬೇಕಿಲ್ಲ.

300 ರೂಪಾಯಿಗೆ ಇಟ್ಟೆ. ಮೂವರು ಕೂಗಿದರು. ಒಬ್ಬರು 900ಕ್ಕೆ ನಿಂತರು. ಉಳಿದ ಇಬ್ಬರು ಏರಿಸುತ್ತಾ ಹೋಗಿ 2,600ಕ್ಕೆ ಮುಗಿಯಿತು. ಗೆದ್ದವನು ಅದೇ ವಾರ ಗುಂಪಿಗೆ ಸೇರಿದವನು. “ನಾಳೆ ಬೆಳಿಗ್ಗೆ ಹಾಕ್ತೀನಿ ಮೇಡಂ” ಅಂದ. ಬೆಳಿಗ್ಗೆ ಬ್ಯಾಂಕಿನ ಸರ್ವರ್ ಇರಲಿಲ್ಲ. ಮರುದಿನ ಯುಪಿಐ ಮಿತಿ ಮುಗಿದಿತ್ತು. ನಾಲ್ಕನೇ ದಿನ ಅಣ್ಣ ಆಸ್ಪತ್ರೆಯಲ್ಲಿದ್ದ. ಎಂಟನೇ ದಿನ ಅವನ ಫೋಟೋನೇ ಕಾಣಲಿಲ್ಲ, ನನ್ನನ್ನು ಬ್ಲಾಕ್ ಮಾಡಿದ್ದ.

ಎರಡನೆಯವರು ಪೊನ್ನಂಪೇಟೆ ಕಡೆಯ ನಿವೃತ್ತ ಸುಬೇದಾರರು. ಫೋನ್ ಮಾಡಿದೆ. “ಸರ್, ಗೆದ್ದವರು ಹಣ ಹಾಕಲಿಲ್ಲ. ನಿಮ್ಮ ಕೊನೇ ಬಿಡ್ 2,500ಕ್ಕೇ ನಿಮಗೆ ಕೊಡ್ತೀನಿ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, “ಅಮ್ಮಾ, ಆ ಮನುಷ್ಯ ಇರದೇ ಹೋಗಿದ್ರೆ ನಾನು 2,500ರ ತನಕ ಹೋಗ್ತಿದ್ನಾ? ಅವನು ಯಾರು ಅಂತ ನನಗೇನು ಗೊತ್ತು?”

‘ಅವನು ನಿಮ್ಮ ಕಡೆಯವನೇ ಇರಬಹುದು’ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೂ ನನಗೆ ಚುರುಕ್ಕೆಂದಿತು. ರಾತ್ರಿ ನೋಟ್‌ಬುಕ್ ತೆಗೆದು ಆ ಹರಾಜಿನ ಬಿಡ್‌ಗಳನ್ನೆಲ್ಲ ಬರೆದುಕೊಂಡೆ. ಓಡಿಹೋದವನ ಹೆಸರಿನ ಮುಂದಿದ್ದ ಪ್ರತಿ ಮೊತ್ತಕ್ಕೂ ಕೆಂಪು ಗೆರೆ ಎಳೆದೆ. ಉಳಿದದ್ದು ಇಷ್ಟೇ: ಮೂರನೆಯವರ 900, ಅದರ ಮೇಲೊಂದು ಮೆಟ್ಟಿಲು, 950. ಅವನು ಇಲ್ಲದಿದ್ದರೆ ಸುಬೇದಾರರು ಗೆಲ್ಲುತ್ತಿದ್ದದ್ದು ಅಷ್ಟಕ್ಕೇ. ಬೆಳಿಗ್ಗೆ ಫೋನ್ ಮಾಡಿ 950 ಅಂದೆ. ಎರಡು ದಿನ ಬಿಟ್ಟು ಬಸ್ಸಿನಲ್ಲಿ ಅವರೇ ಬಂದರು. ಕವರಿನ ಎರಡು ಅಂಚನ್ನಷ್ಟೇ ಬೆರಳ ತುದಿಯಲ್ಲಿ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಬಗ್ಗಿ, ಸೈಪ್ರಸ್ ರಾಜಧಾನಿ ನಿಕೋಸಿಯಾದ ಠಸ್ಸೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಾಫಿ ಆರಿಹೋಯಿತು.

ಅಂದಿನಿಂದ ನನ್ನ ಪದ್ಧತಿ ಇದೇ. ಗೆದ್ದವರು ಕೈಕೊಟ್ಟರೆ ಅವರ ಬಿಡ್‌ಗಳನ್ನೆಲ್ಲ ಅಳಿಸಿ, ಉಳಿದವರೊಳಗೆ ಲೆಕ್ಕ ಮತ್ತೆ ಹಾಕುತ್ತೇನೆ. ‘ಎರಡನೆಯವರಿಗೆ ಅವರದೇ ಕೊನೆಯ ಬೆಲೆಗೆ ಕೊಡು’ ಅನ್ನುವುದು ಬಹಳ ಕಡೆ ನಡೆದುಬಂದ ರೂಢಿ. ಅದು ನ್ಯಾಯವಲ್ಲ ಎಂದೇ ನಾನು ನಂಬಿದ್ದೇನೆ. ಆ ಬೆಲೆಯನ್ನು ಮೇಲೆ ಹತ್ತಿಸಿದ್ದೇ ಹಣ ಹಾಕದವನು. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಕೂಡ, ಮಾರುವವನು ಸುಳ್ಳು ಕೂಗಿನಿಂದ ಬೆಲೆ ಏರಿಸಿದ್ದರೆ ಕೊಂಡವನು ಆ ವ್ಯಾಪಾರವನ್ನು ರದ್ದು ಮಾಡಬಹುದು ಅನ್ನುತ್ತದೆ. ಕೂಗಿದವನು ನನ್ನ ಕಡೆಯವನಲ್ಲ, ನಿಜ. ಆದರೆ ಅವನ ಕೂಗಿನ ಲಾಭ ನಾನು ತಗೊಂಡರೆ, ಕೊಳ್ಳುವವರ ಕಣ್ಣಿಗೆ ವ್ಯತ್ಯಾಸ ಎಲ್ಲಿ ಕಾಣುತ್ತದೆ?

ಶರತ್ತುಗಳನ್ನು ಈಗ ಪ್ರತಿ ಲಾಟಿನ (ಒಂದು ಸಲಕ್ಕೆ ಹರಾಜಿಗಿಡುವ ಸರಕಿನ) ಫೋಟೋ ಜೊತೆಗೇ ಬರೆಯುತ್ತೇನೆ: 48 ಗಂಟೆಯೊಳಗೆ ಹಣ, ಒಂದೇ ಸಲ ನೆನಪಿಸುವುದು, ಆಮೇಲೆ ಮುಂದಿನವರಿಗೆ. ಹೊಸಬರು 1,000 ದಾಟಿ ಕೂಗಬೇಕಾದರೆ 200 ರೂಪಾಯಿ ಮುಂಗಡ. ಸೋತರೆ ಅದೇ ರಾತ್ರಿ ವಾಪಸ್. ಇದನ್ನು ತಂದ ಮೇಲೆ ಸುಮ್ಮನೆ ಆಟಕ್ಕೆ ಕೂಗುವವರು ತಾವಾಗಿಯೇ ದೂರ ಸರಿದರು.

ಹಣ ಹಾಕದವರೆಲ್ಲ ಮೋಸಗಾರರಲ್ಲ ಅನ್ನುವುದನ್ನೂ ಹೇಳಬೇಕು. ಗೋಣಿಕೊಪ್ಪದ ಕಾಲೇಜು ಹುಡುಗನೊಬ್ಬ ನಾಣ್ಯಗಳ ಲಾಟಿಗೆ 1,800 ಕೂಗಿ ಗೆದ್ದುಬಿಟ್ಟ. ಅರ್ಧ ಗಂಟೆಯಲ್ಲಿ ತಾನೇ ಫೋನ್ ಮಾಡಿ, “ಆಂಟಿ, ಅಷ್ಟು ದುಡ್ಡು ನನ್ನತ್ರ ಇಲ್ಲ, ಹುಮ್ಮಸ್ಸಲ್ಲಿ ಹಾಕ್ಬಿಟ್ಟೆ” ಅಂದ. ದನಿ ನಡುಗುತ್ತಿತ್ತು. ಅವನ ಹೆಸರನ್ನು ಹಣ ಹಾಕದವರ ಕಪ್ಪುಪಟ್ಟಿಗೆ ಕೊಡಲಿಲ್ಲ. ಈಗಲೂ ತಿಂಗಳಿಗೊಮ್ಮೆ ನೂರು, ನೂರೈವತ್ತರ ಚೀಟಿ ಕೊಳ್ಳುತ್ತಾನೆ. ತಾನಾಗಿ ಬಂದು ಆಗಲ್ಲ ಅನ್ನುವವರನ್ನು ಬಿಟ್ಟುಕೊಡಬೇಕು. ದಿನಕ್ಕೊಂದು ಕಾರಣ ಹೇಳುವವರ ಹಿಂದೆ ಮೂರನೇ ಸಲ ಹೋಗಬಾರದು.

ಇನ್ನೊಂದು ಬಗೆಯವರು ಕದಿಯಲೆಂದೇ ಬರುತ್ತಾರೆ. ಒಬ್ಬ ತಾನು ಸೈನಿಕ ಅಂದ, ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲ ಕಳಿಸಿದ. “ಸೈನ್ಯದ ಖಾತೆಯಿಂದ ಹಣ ಬರಬೇಕಾದರೆ ನೀವು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕು” ಅಂದ. ಮನೆಮನೆಯಲ್ಲೂ ಸೈನ್ಯಕ್ಕೆ ಹೋದವರಿರುವ ನಮ್ಮ ಜಿಲ್ಲೆಯಲ್ಲಿ ಸಮವಸ್ತ್ರ ಕಂಡರೆ ಅನುಮಾನವೇ ಬರುವುದಿಲ್ಲ. ನನ್ನ ಬೆರಳು ಸ್ಕ್ರೀನಿನ ಮೇಲಿತ್ತು. ಯಾಕೋ ಮೊದಲು ಸುಬೇದಾರರನ್ನು ಕೇಳೋಣ ಅನಿಸಿತು. “ಸೈನ್ಯದಲ್ಲಿ ಅಂಥ ನಿಯಮವೇ ಇಲ್ಲಮ್ಮಾ, ಫೋನ್ ಇಡು” ಎಂದು ಗದರಿದರು. ಯುಪಿಐನಲ್ಲಿ ಹಣ ಬರಲು ಪಿನ್ ಬೇಕಿಲ್ಲ, ಹೋಗಲು ಮಾತ್ರ ಬೇಕು. ಅಕಸ್ಮಾತ್ ಹಣ ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಹಾಕಿದ ಸ್ಕ್ರೀನ್‌ಶಾಟನ್ನೂ ನಾನು ನಂಬುವುದಿಲ್ಲ. ಖಾತೆ ತೆರೆದು ನೋಡಿದ ಮೇಲೇ ಪ್ಯಾಕ್ ಮಾಡುವುದು.

ಹಣ ಹಾಕಿದ ಮೇಲೂ ತಕರಾರು ಬರುತ್ತದೆ. ಆರನೇ ಜಾರ್ಜ್‌ನ 1938ರ ಬೆಳ್ಳಿ ರೂಪಾಯಿ ಒಂದನ್ನು ಕಳಿಸಿದ್ದೆ. ‘ಫೋಟೋದಲ್ಲಿದ್ದ ನಾಣ್ಯ ಇದಲ್ಲ’ ಎಂದು ವಾಪಸ್ ಬಂತು. ಬಂದದ್ದು ಬೇರೆ ನಾಣ್ಯ, ಸವೆದದ್ದು. ತೂಕಕ್ಕಿಟ್ಟರೆ 11.2 ಗ್ರಾಂ. ಆ ಕಾಲದ ರೂಪಾಯಿ ಟಂಕಸಾಲೆಯಿಂದ ಬರುವಾಗ 11.66 ಗ್ರಾಂ ಇರುತ್ತದೆ, ನಾನು ಕಳಿಸಿದ್ದು 11.6 ಇತ್ತು. ಆದರೆ ತಕ್ಕಡಿಯ ಮೇಲಿಟ್ಟು ಫೋಟೋ ತೆಗೆದಿರಲಿಲ್ಲ, ಸಾಕ್ಷಿ ಇರಲಿಲ್ಲ. ಹಣ ವಾಪಸ್ ಕೊಟ್ಟೆ. ಈಗ ಪ್ರತಿ ನಾಣ್ಯದ ಎರಡು ಮುಖ, ಅಂಚು, ತಕ್ಕಡಿಯ ಅಂಕಿ, ಕೊನೆಗೆ ಕವರಿಗೆ ಹಾಕಿ ಅಂಟಿಸುವವರೆಗೆ ನಿಲ್ಲಿಸದೆ ಒಂದೇ ವಿಡಿಯೊ.

ನೂರು ವರ್ಷ ದಾಟಿದ ನಾಣ್ಯಗಳನ್ನು ಹರಾಜಿಗೆ ಹಾಕುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಇದೆ, ಹೊರದೇಶಕ್ಕಂತೂ ನಾವು ಕಳಿಸುವಂತೆಯೇ ಇಲ್ಲ. ಎರಡು ಪಟ್ಟು ಕೊಡ್ತೀನಿ ಅಂದವರಿಗೂ ಇದನ್ನೇ ಹೇಳಿದ್ದೇನೆ.

ಜೂನ್‌ನಿಂದ ಆಗಸ್ಟ್‌ವರೆಗೆ ಹರಾಜು ಪೂರ್ತಿ ಬಂದ್. ಒಮ್ಮೆ ಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗಿ, ಮುಗಿಯುವ ಹೊತ್ತಿಗೆ ಯಾರು ಕೊನೆಗೆ ಕೂಗಿದರೆಂದೇ ನನಗೆ ಕಾಣಲಿಲ್ಲ. ಮಾರನೇ ದಿನ ಇಬ್ಬರು ಜಗಳಕ್ಕೆ ನಿಂತರು, ತಪ್ಪು ಅವರಿಬ್ಬರದೂ ಅಲ್ಲ. ಮೇಲಾಗಿ ಆ ತೇವಕ್ಕೆ ಅಂಚೆಚೀಟಿಯ ಗೋಂದು ಆಲ್ಬಂ ಹಾಳೆಗೇ ಕಚ್ಚಿಕೊಳ್ಳುತ್ತದೆ, ಹೊರಗೆ ತೆಗೆಯದಿರುವುದೇ ಒಳ್ಳೆಯದು. ಟ್ರಂಕಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿಬಿಡುತ್ತೇನೆ.

ಅಕ್ಟೋಬರಿಗೆ ಫ್ರೇಜರ್‌ಪೇಟೆ ಕವರುಗಳನ್ನು ತೆಗೆಯುತ್ತೇನೆ. ಹಿಂಬದಿಯ ಠಸ್ಸೆಯ ಫೋಟೋನೂ ಹಾಕಬೇಕು ಎಂದು ಸುಬೇದಾರರು ಈಗಲೇ ಹೇಳಿಟ್ಟಿದ್ದಾರೆ.