ದಂಡಕ್ಕಿಂತ ಮೊದಲು ಪುಸ್ತಕ ವಾಪಸ್ ಬರಬೇಕು

ಲೈಬ್ರರಿಯನ್ ಎಂದರೆ ಕನ್ನಡಕದ ಮೇಲಿಂದ ನೋಡಿ ‘ಶ್’ ಅನ್ನುವವರು, ದಿನವಿಡೀ ಓದುತ್ತ ಕೂರುವವರು, ದಂಡ ಹಾಕಲು ಕಾಯುತ್ತಿರುವವರು ಎಂದು ಜನ ನಂಬುತ್ತಾರೆ. ಕಾಲೇಜು ಗ್ರಂಥಾಲಯದಲ್ಲಿ ಇವುಗಳ ಪೈಕಿ ನಿಜಕ್ಕೂ ಹಾನಿ ಮಾಡುವುದು ಮೂರನೆಯ ನಂಬಿಕೆ. ದಂಡ ಪುಸ್ತಕದ ಬೆಲೆಯ ಹತ್ತಿರ ಬಂತೆಂದರೆ ವಿದ್ಯಾರ್ಥಿ ಕೌಂಟರಿನತ್ತ ಸುಳಿಯುವುದೇ ಇಲ್ಲ. ನೋ ಡ್ಯೂ ಸರ್ಟಿಫಿಕೇಟ್ ಬೇಕಾದಾಗಲೇ ಬರುತ್ತಾನೆ. ಅಷ್ಟರಲ್ಲಿ ಅದೇ ಪುಸ್ತಕಕ್ಕೆ ಕಾದವಳ ಪರೀಕ್ಷೆ ಮುಗಿದಿರುತ್ತದೆ.

ಆದ್ದರಿಂದ ಗ್ರಂಥಾಲಯದ ಎರವಲು, ದಂಡಗಳ ಲೆಕ್ಕ ಇಡುವ ಕೋಹಾ ತಂತ್ರಾಂಶದಲ್ಲಿ ನಾನು ಇಟ್ಟುಕೊಂಡ ನಿಯಮ ಇದು: ಎರವಲು 14 ದಿನ, ಗಡುವು ಮುಗಿದ ಮೇಲೆ ದಂಡವಿಲ್ಲದ ರಿಯಾಯಿತಿ 3 ದಿನ, ದಂಡ ದಿನಕ್ಕೆ 1 ರೂಪಾಯಿ, ಎಷ್ಟೇ ತಡವಾದರೂ ಒಂದು ಪುಸ್ತಕಕ್ಕೆ 30 ರೂಪಾಯಿ ಮೀರುವಂತಿಲ್ಲ. ಈ ಮಿತಿ ಬಹಳ ಮುಖ್ಯ. ಅದಿಲ್ಲದಿದ್ದರೆ ಮರೆತವನೂ ಕದ್ದವನಂತೆ ತಲೆತಪ್ಪಿಸಿಕೊಳ್ಳುತ್ತಾನೆ. ರಿಯಾಯಿತಿಯ ಸೆಟ್ಟಿಂಗ್‌ನಲ್ಲಿ ಒಂದು ತೊಡಕಿದೆ. ಅದನ್ನು ಹಾಗೇ ಬಿಟ್ಟರೆ ನಾಲ್ಕನೆಯ ದಿನ ಬಂದವನಿಗೆ 1 ರೂಪಾಯಿ ಅಲ್ಲ, 4 ರೂಪಾಯಿ ಬೀಳುತ್ತದೆ. ರಿಯಾಯಿತಿ ದಿನಗಳನ್ನು ದಂಡದಿಂದ ಹೊರಗಿಡಬೇಕಿದ್ದರೆ ಸಿಸ್ಟಂ ಪ್ರಿಫರೆನ್ಸ್‌ನಲ್ಲಿ, ಅಂದರೆ ಕೋಹಾದ ಒಟ್ಟಾರೆ ಸೆಟ್ಟಿಂಗ್‌ಗಳಲ್ಲಿ, ಬೇರೆಯಾಗಿ ಬದಲಿಸಬೇಕು.

ಕೌಂಟರಿನಲ್ಲಿ ಜಗಳ ಹೆಚ್ಚಾಗಿ ಹುಟ್ಟುವುದು ರಜೆಯಿಂದ. ದಸರಾ ರಜೆಯಲ್ಲಿ ಬಾಗಿಲು ಹಾಕಿರುತ್ತದೆ, ದಂಡ ಮಾತ್ರ ಏರುತ್ತಿರುತ್ತದೆ. ವರ್ಷದ ಆರಂಭದಲ್ಲೇ ಕೋಹಾದ ಕ್ಯಾಲೆಂಡರಿಗೆ ಎಲ್ಲ ರಜೆ ತುಂಬಿ, ಮುಚ್ಚಿದ ದಿನ ದಂಡ ಬೇಡ ಎಂದೂ, ಗಡುವು ರಜೆಯಂದು ಬಿದ್ದರೆ ಮುಂದಿನ ಕೆಲಸದ ದಿನಕ್ಕೆ ಸರಿಯಲಿ ಎಂದೂ ಹೇಳಬೇಕು. ದಂಡ ಲೆಕ್ಕ ಹಾಕುವ ಸ್ಕ್ರಿಪ್ಟ್ ರಾತ್ರಿ ತಾನಾಗಿ ಓಡುತ್ತಿದೆಯೇ ಎಂದೂ ನೋಡಿಕೊಳ್ಳಿ. ಅದು ನಿಂತಿದ್ದರೆ ನಿಯಮ ಎಷ್ಟು ಸರಿಯಿದ್ದರೂ ದಂಡ ದಿನದಿನವೂ ಖಾತೆಗೆ ಏರುವುದಿಲ್ಲ. ಹೊರಗಿನ ಡಬ್ಬಿಗೆ ಬಿದ್ದ ಪುಸ್ತಕಗಳನ್ನು ಬುಕ್ ಡ್ರಾಪ್ ಮೋಡ್ ಹಾಕಿ ಪಡೆಯಿರಿ. ಆಗ ಅವು ಹಿಂದಿನ ಕೆಲಸದ ದಿನವೇ ಬಂದಂತೆ ದಾಖಲಾಗುತ್ತವೆ.

ದಂಡಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಗಡುವಿಗೆ 2 ದಿನ ಮೊದಲು ಹೋಗುವ ನೆನಪಿನ ಸಂದೇಶ. ‘ಇದಕ್ಕೆ ಇನ್ನೊಬ್ಬರು ಕಾಯುತ್ತಿದ್ದಾರೆ’ ಎಂಬ ಸಾಲು ಸೇರಿಸಿದರಂತೂ ಪುಸ್ತಕ ಬೇಗ ಬರುತ್ತದೆ. ಕಾಯುತ್ತಿರುವವರ ಹೆಸರು ಮಾತ್ರ ಬೇಡ. ಬಾಕಿದಾರರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕುವ ಪದ್ಧತಿಯನ್ನೂ ನಾನು ಒಪ್ಪುವುದಿಲ್ಲ. ಯಾರು ಏನು ಓದುತ್ತಾರೆ ಎಂಬುದು ಅವರ ಸ್ವಂತ ವಿಷಯ.

ಎರವಲಿನ ಅಭ್ಯಾಸಗಳೂ ವಿಚಿತ್ರ. ಸೆಮಿಸ್ಟರ್ ಪೂರ್ತಿ ಯಾರೂ ಮುಟ್ಟದ ಪಠ್ಯಪುಸ್ತಕ ಪರೀಕ್ಷೆ ವಾರದಲ್ಲಿ ಕಾಣೆಯಾಗುತ್ತದೆ, ಆದರೆ ಗ್ರಂಥಾಲಯದಿಂದ ಹೊರಗೆ ಹೋಗಿರುವುದಿಲ್ಲ. ಬೇರೆಯವರಿಗೆ ಸಿಗದಿರಲೆಂದು ಯಾರೋ ನಿಘಂಟುಗಳ ಹಿಂದೆಯೋ, ಯಾರೂ ಹೋಗದ ವಿಷಯದ ಕಪಾಟಿನಲ್ಲೋ ಇಟ್ಟಿರುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಶೆಲ್ಫ್ ರೀಡಿಂಗ್ (ಪುಸ್ತಕಗಳು ತಮ್ಮ ಜಾಗದಲ್ಲೇ ಇವೆಯೇ ಎಂದು ಕಪಾಟು ಪರಿಶೀಲಿಸುವುದು) ಮಾಡುವಾಗ ಸಾಲಿನ ಹಿಂಬದಿಗೂ ಕೈ ಹಾಕಿ ನೋಡಬೇಕು. ಪ್ರತಿ ಪಠ್ಯದ ಒಂದು ಪ್ರತಿಯನ್ನು ಕೌಂಟರಿನಲ್ಲೇ ಇಟ್ಟು ಸಂಜೆ 4ಕ್ಕೆ ಕೊಟ್ಟು ಮರುದಿನ ಬೆಳಿಗ್ಗೆ 10ಕ್ಕೆ ವಾಪಸ್ ಪಡೆಯುವ ಓವರ್‌ನೈಟ್ ಇಶ್ಯೂ ಇದ್ದರೆ ಬಚ್ಚಿಡುವ ಅಗತ್ಯವೇ ಕಡಿಮೆಯಾಗುತ್ತದೆ. ವಾಪಸ್ ಬಂದ ಪ್ರತಿ ಪುಸ್ತಕವನ್ನೂ ಮೇಜಿನ ಮೇಲೆ ಒಮ್ಮೆ ಕೊಡವಿ: ಬಸ್ ಪಾಸ್, ಫೋಟೊ, ಕೆಲವೊಮ್ಮೆ ಹಾಲ್ ಟಿಕೆಟ್ಟೇ ಬೀಳುತ್ತದೆ.

ಷಿಕಾಗೋ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ, ನ್ಯೂಯಾರ್ಕಿನದು 2021ರಲ್ಲಿ ತಡದಂಡವನ್ನೇ ಕೈಬಿಟ್ಟವು. ಕಳೆದ ಪುಸ್ತಕದ ಬೆಲೆ ಮಾತ್ರ ಉಳಿಯಿತು. ಕಾಲೇಜಿನಲ್ಲಿ ಎಲ್ಲರಿಗೂ ಒಂದೇ ವಾರ ಒಂದೇ ಪುಸ್ತಕ ಬೇಕಾಗುವುದರಿಂದ ಚಿಕ್ಕ ದಂಡವನ್ನು ಉಳಿಸಿಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಪುಸ್ತಕ ಕಳೆದರೆ ಹಣಕ್ಕಿಂತ ಅದೇ ಅಥವಾ ಹೊಸ ಆವೃತ್ತಿಯ ಪ್ರತಿ ಕೇಳಿ. ಬಂದ ಪ್ರತಿಗೆ ಹೊಸ ಅಕ್ಸೆಷನ್ ನಂಬರ್ (ದಾಖಲೆ ಪುಸ್ತಕದಲ್ಲಿ ಪ್ರತಿಯೊಂದು ಪ್ರತಿಗೂ ಕೊಡುವ ಕ್ರಮಸಂಖ್ಯೆ) ಕೊಟ್ಟು, ಹಳೆಯ ನಂಬರಿನ ಮುಂದೆ ಷರಾ ಕಾಲಂನಲ್ಲಿ ಪುಸ್ತಕ ಕಳೆದುಹೋದ ದಿನಾಂಕ ಮತ್ತು ಹೊಸ ನಂಬರ್ ಬರೆಯಿರಿ. ಹಳೆಯ ನಂಬರನ್ನೇ ಕೊಟ್ಟರೆ ಸ್ಟಾಕ್ ವೆರಿಫಿಕೇಶನ್‌ನಲ್ಲಿ, ಅಂದರೆ ಪುಸ್ತಕಗಳನ್ನು ದಾಖಲೆಯೊಂದಿಗೆ ಹೋಲಿಸಿ ಎಣಿಸುವಾಗ, ಬೆಲೆ, ಆವೃತ್ತಿ, ಬಿಲ್ ಯಾವುದೂ ಒಂದಕ್ಕೊಂದು ತಾಳೆಯಾಗುವುದಿಲ್ಲ.