ಘಾಟಿ ಇಳಿಯೋ ಮೊದ್ಲು ಮುಂದಿನ ಬ್ರೇಕ್ ಕಲ್ತ್ಕೊಳ್ಳಿ

ಬೈಕ್ ಕಲಿಸೋವಾಗ ನಮ್ಮ ಕಡೆ ಎಲ್ರೂ ಹೇಳೋ ಮೊದಲ್ನೇ ಮಾತು, "ಮುಂದಿನ ಬ್ರೇಕ್ ಮುಟ್ಬೇಡ ಕಣೋ, ಪಲ್ಟಿ ಹೊಡೀತೀಯ". ನಂಗೂ ಮಾವ ಹಂಗೇ ಹೇಳಿದ್ರು, ನಾನೂ ಆರೇಳು ವರ್ಷ ಬರೀ ಕಾಲ್ ಬ್ರೇಕಲ್ಲೇ ಓಡಾಡ್ದೆ, ಆಮೇಲೆ ಒಂದ್ಸಲ ಚಾರ್ಮಾಡಿ ಇಳೀವಾಗ ತಿರುವಲ್ಲಿ ಎದುರ್ಗಡೆ ಬಸ್ ಬಂತು, ಗಾಬ್ರೀಲಿ ಪೆಡಲ್ ಒತ್ತಿ ತುಳಿದೆ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರ್ಕೊಂಡು ತಡೆಗೋಡೆ ಹತ್ರ ಹೋಗಿ ನಿಂತ್ಕೊಳ್ತು. ಬೀಳ್ಲಿಲ್ಲ, ಪುಣ್ಯ.

ಆಗೋದೇನಂದ್ರೆ, ಬ್ರೇಕ್ ಹಿಡಿದ ತಕ್ಷಣ ಗಾಡಿ ಭಾರ ಎಲ್ಲಾ ಮುಂದಿನ ಚಕ್ರದ ಮೇಲೆ ಬೀಳುತ್ತೆ, ಹಿಂದಿನದು ಹಗುರ ಆಗುತ್ತೆ, ಹಗುರ ಆದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರ್ಬೇಕು? ಗಾಡಿ ನಿಲ್ಸೋ ಮುಕ್ಕಾಲು ಕೆಲಸ ಮುಂದಿನ ಬ್ರೇಕಿಂದೇ. ಅದನ್ನ ಗಬಕ್ಕಂತ ಹಿಡಿಯೋದು ತಪ್ಪು, ಹಿಡಿಯೋದೇ ತಪ್ಪಲ್ಲ.

ಕಲಿಯೋಕೆ ಭಾನುವಾರ ಬೆಳಿಗ್ಗೆ ಒಂದು ಖಾಲಿ ಮೈದಾನವೋ ಲೇಔಟ್ ರೋಡೋ ಸಾಕು, ಮರಳು ಜಲ್ಲಿ ಇರ್ಬಾರ್ದು ಅಷ್ಟೇ. ಹ್ಯಾಂಡಲ್ ನೆಟ್ಟಗಿಟ್ಕೊಂಡು 20ರಲ್ಲಿ ಹೋಗಿ, ಎರಡು ಬೆರಳಲ್ಲಿ ನಿಂಬೆಹಣ್ಣು ಹಿಂಡೋ ಥರ ಮುಂದಿನ ಬ್ರೇಕ್ ಲಿವರ್ ಒತ್ತಿ, ಮೊದ್ಲು ಮೆತ್ತಗೆ, ಮುಂದಿನ ಶಾಕ್ಸ್ ಕುಗ್ಗಿದ್ಮೇಲೆ ಜೋರಾಗಿ, ಜೊತೆಗೆ ಕಾಲ್ ಬ್ರೇಕ್ ಸ್ವಲ್ಪ. ಕೈ ಪಳಗಿದ್ಮೇಲೆ 30, ಆಮೇಲೆ 40. 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಕಡ್ಡಾಯ ಆಗಿದೆ, ಅದಿರೋ ಗಾಡೀಲಿ ಜೋರಾಗಿ ಹಿಡಿದಾಗ ಲಿವರ್ ಟರ್ರಂತ ನಡುಗುತ್ತೆ, ಹೆದ್ರಿ ಬಿಟ್ಬಿಡ್ಬೇಡಿ, ಹಿಡ್ಕೊಂಡೇ ಇರಿ.

60ರಲ್ಲಿ ಹೋಗೋ ಗಾಡಿ ಸೆಕೆಂಡಿಗೆ ಹತ್ತಿರತ್ತಿರ 17 ಮೀಟರ್ ಓಡುತ್ತೆ. ನೀವು ಬೆಚ್ಚಿಬಿದ್ದು ಬ್ರೇಕಿಗೆ ಬೆರಳು ಹಾಕೋವಷ್ಟ್ರಲ್ಲಿ ಒಂದೂವರೆ ಬಸ್ಸಿನ ಉದ್ದ ಮುಗೀತು. ಅದಕ್ಕೇ ಊರೊಳಗೆ, ಹಂಪ್ಸ್ ಹತ್ರ, ನಾಯಿ ಕಂಡಲ್ಲಿ ಬೆರಳು ಲಿವರ್ ಮೇಲೇ ಇರ್ಲಿ.

ಇನ್ನು ಘಾಟಿ. ಆಗುಂಬೇಲಿ 14 ಹೇರ್‌ಪಿನ್ ತಿರುವು, ಅಲ್ಲಿ ತಿರುವಿನ ಒಳಗೆ ಬ್ರೇಕ್ ಹಿಡಿಯೋ ಪರಿಸ್ಥಿತಿ ಬಂತು ಅಂದ್ರೆ ಆಗ್ಲೇ ಲೇಟಾಗಿದೆ ಅಂತ ಅರ್ಥ. ತಿರುವಿಗೆ ಮುಂಚೇನೇ ಸ್ಪೀಡ್ ಇಳ್ಸಿ, ಸೆಕೆಂಡ್ ಗೇರಿಗೆ ಹಾಕಿ, ಹಾರ್ನ್ ಹೊಡ್ದು, ಎಡಕ್ಕೇ ಇದ್ದು, ಕಣ್ಣನ್ನ ರಸ್ತೆ ಹೊರಡೋ ಕಡೆ ಇಡಿ, ಗುಂಡೀನೇ ನೋಡ್ತಾ ಹೋದ್ರೆ ಗುಂಡಿಗೇ ಇಳೀತೀರ. ಬಸ್ಸು ಲಾರಿಗಳು ತಿರುಗ್ಸೋಕೆ ಪೂರ್ತಿ ರಸ್ತೆ ತಗೊಳ್ತವೆ, ನಿಂತು ಬಿಟ್ಕೊಡಿ, ಹತ್ತೋ ಗಾಡಿಗೇ ಮೊದ್ಲು ದಾರಿ. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡ್ಕೊಂಡು ಇಳಿಯೋರು ಇನ್ನೂ ಇದಾರೆ ಮಾರಾಯ್ರೆ! ಇಂಜಿನ್ ಹಿಡಿತ ಇಲ್ಲ ಅಂದ್ರೆ ಎಲ್ಲಾ ಭಾರ ಬ್ರೇಕ್ ಮೇಲೆ, ಅದು ಕಾದು ಕಾದು ಕೊನೆಗೆ ಹಿಡಿಯೋದೇ ಇಲ್ಲ.

ಮಳೆಗಾಲದಲ್ಲಿ ಮೊದಲ್ನೇ ಮಳೆ ಬಂದ ಅರ್ಧ ಗಂಟೆ ರಸ್ತೆ ಮೇಲಿನ ಆಯಿಲ್ ಧೂಳು ಸೇರಿ ಲೋಳೆ ಥರ ಆಗಿರುತ್ತೆ, ಟೀ ಅಂಗ್ಡೀಲಿ ಕೂತ್ಬಿಡಿ. ಬಿಳಿ ಪಟ್ಟಿ, ಒದ್ದೆ ಎಲೆ, ತೋಟದಿಂದ ಬಂದ ಟ್ರ್ಯಾಕ್ಟರ್ ಮಣ್ಣು, ಇವುಗಳ ಮೇಲೆ ವಾಲಿಸ್ಲೂಬೇಡಿ, ಬ್ರೇಕೂ ಬೇಡ.

ಹಾಂ, ಹಿಂದೆ ಒಬ್ರು ಕೂತ್ರೆ ಗಾಡಿ ನಿಲ್ಲೋ ಲೆಕ್ಕಾನೇ ಬೇರೆ. ಮನೆಯವ್ರನ್ನ ಕೂರಿಸ್ಕೊಂಡು ಅದೇ ಮೈದಾನಕ್ಕೆ ಇನ್ನೊಂದ್ಸಲ ಹೋಗಿ, ಹೆಲ್ಮೆಟ್ಟಿಗೆ ಹೆಲ್ಮೆಟ್ ಟಕ್ ಅಂತ ಬಡ್ದಾಗೆಲ್ಲ ಬೈಸ್ಕೋತೀರ, ಸದ್ದು ನಿಂತಿತು ಅಂದ್ರೆ ಕೈ ಮೆತ್ತಗಾಗಿದೆ ಅಂತ ಲೆಕ್ಕ.